ಮೊದಲು ತಗ್ಗಬೇಕಾದುದು ರಾತ್ರಿಯ ಸದ್ದು

"ಡಾಕ್ಟ್ರೇ, ಚೆನ್ನಾಗಿ ನಿದ್ದೆ ಬರೋ ಮಾತ್ರೆ ಬರೆದುಕೊಡಿ" ಎಂದು ಕೇಳಿಕೊಂಡು ಬಂದವರು ಐವತ್ತೆರಡು ವರ್ಷದ ಗೃಹಿಣಿ. ಬೆಂಗಳೂರಿನ ಮುಖ್ಯರಸ್ತೆಯೊಂದರ ಅಂಚಿನಲ್ಲಿ ಅವರ ಮನೆ. ರಾತ್ರಿ ಏಳೆಂಟು ಗಂಟೆ ಹಾಸಿಗೆಯಲ್ಲಿದ್ದರೂ ಬೆಳಿಗ್ಗೆ ಎದ್ದಾಗ ಮೈ ಭಾರ, ತಲೆನೋವು, ಸಣ್ಣ ಮಾತಿಗೂ ಸಿಟ್ಟು. ರಕ್ತದೊತ್ತಡವೂ ಏರಿತ್ತು. ರಾತ್ರಿ ಮನೆಯ ಮುಂದೆ ವಾಹನಗಳ ಓಡಾಟ ಹೆಚ್ಚೇ ಎಂದು ವಿಚಾರಿಸಿದರೆ, "ಲಾರಿಗಳು ಹೋಗ್ತಾನೇ ಇರ್ತವೆ. ಹತ್ತು ವರ್ಷದಿಂದ ಕೇಳಿ ಕೇಳಿ ಅಭ್ಯಾಸ ಆಗಿಬಿಟ್ಟಿದೆ" ಎಂದರು.

ಅವರ ರಕ್ತದೊತ್ತಡಕ್ಕೆ ಸದ್ದೊಂದೇ ಕಾರಣವೆಂದು ಯಾವ ವೈದ್ಯನೂ ಹೇಳಲಾರ. ಆದರೆ "ಅಭ್ಯಾಸ ಆಗಿದೆ" ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ.

ನಿದ್ದೆಯಲ್ಲೂ ಕಿವಿ ಎಚ್ಚರ

ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಮಲಗಿದ ಮೇಲೂ ಮಿದುಳು ಸದ್ದನ್ನು ಗ್ರಹಿಸುತ್ತಲೇ ಇರುತ್ತದೆ. ಹಾರ್ನ್ ಮೊಳಗಿದಾಗ ನಿಮಗೆ ಎಚ್ಚರವಾಗದಿರಬಹುದು. ಆದರೆ ಹೃದಯ ಬಡಿತ ಒಮ್ಮೆಲೇ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಗಾಢನಿದ್ದೆ ತೆಳುವಾಗುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್‌ನಂತಹ ಒತ್ತಡದ ಹಾರ್ಮೋನುಗಳು ಹೆಚ್ಚುತ್ತವೆ. ಇದು ವರ್ಷಗಟ್ಟಲೆ ನಡೆದರೆ ರಕ್ತದೊತ್ತಡ ಮತ್ತು ಹೃದ್ರೋಗಕ್ಕೆ ದಾರಿಯಾಗಬಹುದು. ರಸ್ತೆಯ ಸದ್ದು 10 ಡೆಸಿಬಲ್ ಏರಿದಂತೆಲ್ಲ ಹೃದಯದ ರಕ್ತನಾಳಗಳ ಕಾಯಿಲೆಯ ಸಂಭವ ಸುಮಾರು ಶೇಕಡ 8ರಷ್ಟು ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಲೆಕ್ಕ ಹಾಕಿದೆ.

ಮಕ್ಕಳ ಮೇಲಾಗುವ ಪರಿಣಾಮ ಬೇರೆ. ನ್ಯೂಯಾರ್ಕ್ ನಗರದಲ್ಲಿ ಹೆದ್ದಾರಿಯ ಮೇಲೆಯೇ ಕಟ್ಟಿದ ಬಹುಮಹಡಿ ವಸತಿ ಕಟ್ಟಡಗಳ ಮಕ್ಕಳನ್ನು ಪರೀಕ್ಷಿಸಿದ ವರದಿ 1973ರಲ್ಲಿ ಪ್ರಕಟವಾಯಿತು. ಹೆಚ್ಚು ಸದ್ದಿನ ಕೆಳ ಅಂತಸ್ತುಗಳಲ್ಲಿ ಹಲವು ವರ್ಷ ವಾಸವಾಗಿದ್ದ ಮಕ್ಕಳು, ಒಂದೇ ಬಗೆಯಾಗಿ ಕೇಳಿಸುವ ಪದಗಳ ವ್ಯತ್ಯಾಸ ಗುರುತಿಸುವುದರಲ್ಲೂ ಓದಿನಲ್ಲೂ ಮೇಲಂತಸ್ತಿನವರಿಗಿಂತ ಹಿಂದಿದ್ದರು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ಮಿತಿ 50 ಮತ್ತು 40. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು, ತುರ್ತು ಸಂದರ್ಭ ಬಿಟ್ಟರೆ, ಹಾರ್ನ್ ಮಾಡುವಂತೆಯೇ ಇಲ್ಲ. ಇದು 2010ರಲ್ಲಿ ಸೇರಿಸಿದ ನಿಯಮ. ಇದನ್ನು ಬಲ್ಲ ಚಾಲಕರು ಎಷ್ಟು ಮಂದಿ?

ಯಾವುದು ಮೊದಲು?

ಎಲ್ಲ ರಸ್ತೆಗಳನ್ನೂ ಒಟ್ಟಿಗೆ ಸರಿಪಡಿಸಲಾಗದು. ಸಾಮಾನ್ಯವಾಗಿ ಯಾರು ಹೆಚ್ಚು ದೂರು ಕೊಡುತ್ತಾರೋ ಅವರ ಬೀದಿಗೆ ಮೊದಲ ಗಮನ ಸಿಗುತ್ತದೆ. ದೂರು ಬರೆಯಲು ತಿಳಿಯದವರು, ರಸ್ತೆಗೇ ಬಾಗಿಲಿರುವ ಒಂದೇ ಕೋಣೆಯ ಮನೆಯವರು ಹಿಂದೆ ಉಳಿಯುತ್ತಾರೆ. ಆರೋಗ್ಯದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಗಳು ಮೂರು: ಅಲ್ಲಿ ಮಲಗುವವರು ಎಷ್ಟು ಜನ? ರಾತ್ರಿಯ ಮಿತಿ ಎಷ್ಟು ಮೀರಿದೆ? ರೋಗಿಗಳು, ಹಸುಗೂಸುಗಳು, ವೃದ್ಧರು ಇದ್ದಾರೆಯೇ? ಈ ಮೂರರಲ್ಲೂ ಮುಂದಿರುವ ಬೀದಿಯೇ ಮೊದಲ ಬೀದಿ.

ಇಲ್ಲಿ ಡೆಸಿಬಲ್ ಲೆಕ್ಕವನ್ನು ಸ್ವಲ್ಪ ತಿಳಿದಿರಬೇಕು. ವಾಹನಗಳ ಸಂಖ್ಯೆ ಅರ್ಧಕ್ಕಿಳಿದರೂ ಸದ್ದು ತಗ್ಗುವುದು ಕೇವಲ 3 ಡೆಸಿಬಲ್. ಕಿವಿಗೆ ಅದು ಗೊತ್ತಾಗುವುದೇ ಕಷ್ಟ. ಆದರೆ ಉಳಿದವುಗಳಿಗಿಂತ 10 ಡೆಸಿಬಲ್ ಹೆಚ್ಚು ಅರಚುವ ಒಂದೇ ವಾಹನ ಹತ್ತು ವಾಹನಗಳಿಗೆ ಸಮ. ಆದ್ದರಿಂದ ಮೊದಲ ಹೆಜ್ಜೆ ರಾತ್ರಿಯ ಕರ್ಕಶ ವಾಹನಗಳನ್ನು ಹಿಡಿಯುವುದು: ಸೈಲೆನ್ಸರ್ ಕಿತ್ತ ಮೋಟಾರ್ ಸೈಕಲ್, ಹಲವು ಸ್ವರದ ಹಾರ್ನ್ ಕೂರಿಸಿದ ಬಸ್ಸು, ಲಾರಿ. ಇದಕ್ಕೆ ಹೊಸ ರಸ್ತೆ ಬೇಡ, ಕೋಟಿಗಟ್ಟಲೆ ಹಣವೂ ಬೇಡ. ಇರುವ ಕಾನೂನು ಸಾಕು.

ಎರಡನೆಯದು, ಭಾರಿ ವಾಹನಗಳ ರಾತ್ರಿಯ ದಾರಿಯನ್ನು ಮನೆಗಳು ಒತ್ತಾಗಿರುವ ಬೀದಿಗಳಿಂದ ತಪ್ಪಿಸುವುದು. ಮೂರನೆಯದು, ವೇಗ ತಗ್ಗಿಸುವುದು ಮತ್ತು ರಸ್ತೆಯನ್ನು ನುಣುಪಾಗಿಡುವುದು. ಗುಂಡಿ ಬಿದ್ದ ರಸ್ತೆಯಲ್ಲಿ ಖಾಲಿ ಲಾರಿಯ ಗಡಗಡ ಸದ್ದು ಯಾರಿಗೆ ಗೊತ್ತಿಲ್ಲ? ಮನೆ ಮುಂದೆ ರಸ್ತೆ ಉಬ್ಬು ಹಾಕಿಸಿಕೊಂಡವರು ರಾತ್ರಿಯಿಡೀ ಬ್ರೇಕ್ ಮತ್ತು ಗೇರಿನ ಸದ್ದು ಕೇಳಬೇಕಾಗುತ್ತದೆ. ಗೋಡೆ ಕಟ್ಟುವುದು, ಗಿಡ ನೆಡುವುದು ಕೊನೆಗೆ. ಒಂದು ಸಾಲು ಮರ ಕಣ್ಣಿಗೆ ತಂಪು, ನೆರಳಿಗೆ ಒಳ್ಳೆಯದು. ಸದ್ದನ್ನು ಮಾತ್ರ ಅಷ್ಟಾಗಿ ತಡೆಯದು. ಕಾಂಪೌಂಡ್ ಗೋಡೆಯೂ ಮೇಲಂತಸ್ತಿಗೆ ಪ್ರಯೋಜನವಿಲ್ಲ.

ನೀವು ಮಾಡಬಹುದಾದುದು

* ಮಲಗುವ ಕೋಣೆಯನ್ನು ಮನೆಯ ಹಿಂಬದಿಗೆ ಬದಲಿಸಿ. ರಸ್ತೆ ಬದಿಗೆ ಅಡಿಗೆಮನೆ, ಬಚ್ಚಲು, ಸಾಮಾನಿನ ಕೋಣೆ ಇರಲಿ.

* ರಸ್ತೆ ಕಡೆಯ ಕಿಟಕಿಗಳ ಸಂದು ಮುಚ್ಚಿಸಿ. ಗಾಳಿಗೆ ಹಿಂಬದಿಯ ಕಿಟಕಿ ತೆರೆದಿಡಿ.

* ವಯಸ್ಕರು ಮೆತ್ತನೆಯ ಇಯರ್ ಪ್ಲಗ್ ಬಳಸಬಹುದು. ಕಿವಿ ಸೋರುವವರು ಬಳಸಬಾರದು.

* ದೂರು ಕೊಡುವಾಗ "ತುಂಬಾ ಗಲಾಟೆ" ಎಂದಷ್ಟೇ ಬರೆಯಬೇಡಿ. ಒಂದು ವಾರ, ಎಷ್ಟು ಗಂಟೆಗೆ, ಯಾವ ಬಗೆಯ ವಾಹನ, ಎಷ್ಟು ಬಾರಿ ಎಂದು ಗುರುತು ಹಾಕಿ, ನೆರೆಹೊರೆಯವರ ಸಹಿಯೊಡನೆ ಸಂಚಾರ ಪೊಲೀಸರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಡಿ.

* ಮನೆಯವರನ್ನು ಕರೆಯಲು ಗೇಟಿನ ಮುಂದೆ ಹಾರ್ನ್ ಮಾಡುವ ಅಭ್ಯಾಸ ನಿಮಗಿದ್ದರೆ ಇಂದೇ ಬಿಡಿ.

ನನ್ನ ಬಳಿ ಬಂದ ಆ ಗೃಹಿಣಿಗೆ ರಕ್ತದೊತ್ತಡದ ಮಾತ್ರೆ ಬರೆದುಕೊಟ್ಟೆ; ಅದನ್ನು ತಪ್ಪದೆ ನುಂಗುತ್ತಿದ್ದಾರೆ. ನಿದ್ದೆ ಮಾತ್ರೆ ಬರೆಯಲಿಲ್ಲ. ಮಂಚವನ್ನು ಹಿಂದಿನ ಕೋಣೆಗೆ ಹಾಕಿಕೊಳ್ಳಿ ಎಂದೆ. ತಿಂಗಳ ನಂತರ ಬಂದಾಗ, "ಈಗ ಬೆಳಿಗ್ಗೆ ಎದ್ದರೆ ಮಲಗಿ ಎದ್ದ ಹಾಗಿರುತ್ತೆ" ಎಂದರು. ಆದರೆ ಅದೇ ರಸ್ತೆಯಲ್ಲಿ ಹಿಂದಿನ ಕೋಣೆಯೇ ಇಲ್ಲದ ಮನೆಗಳು ಎಷ್ಟೋ ಇವೆ. ಸದ್ದು ತಗ್ಗಿಸುವ ಕೆಲಸ ಅಂಥವರ ಬಾಗಿಲಿನಿಂದಲೇ ಆರಂಭವಾಗಬೇಕು.