ಚೀನಾದ ನೇಯ್ಗೆ, ಮೈಸೂರಿನ ಮಗ್ಗ

ಮೈಸೂರಿಗೆ ಬಂದವರ ಪಟ್ಟಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟಕ್ಕೇ ಮುಗಿದುಬಿಡುತ್ತದೆ. ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆಯ ಕಡೆ ಬರುವವರೂ ಹೆಚ್ಚಾಗಿ ಸೀರೆ ಕೊಳ್ಳುವವರೇ. ಮಳಿಗೆಯಿಂದ ಹೊರಬಿದ್ದವರು ಸೀದಾ ಆಟೊ ಹತ್ತುತ್ತಾರೆ. ಕೆಲಸದ ದಿನಗಳಲ್ಲಿ ಕಾರ್ಖಾನೆಯ ಒಳಗೂ ಹೋಗಿ ನೋಡಬಹುದು. ಫೋಟೊ ಮಾತ್ರ ತೆಗೆಯುವಂತಿಲ್ಲ. ಅದೂ ಒಳ್ಳೆಯದೇ, ಇಲ್ಲಿ ನೋಡಬೇಕಾದದ್ದು ಫೋಟೊಗೆ ಸಿಕ್ಕುವಂಥದ್ದಲ್ಲ.

ಮೊದಲು ಎದುರಾಗುವುದು ಸದ್ದು. ಮಗ್ಗಗಳ ಸಾಲಿನ ನಡುವೆ ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ. ಆಮೇಲೆ ಅಚ್ಚರಿ: ಮಗ್ಗದ ಮೇಲಿನ ಸೀರೆಗೆ ಬಣ್ಣವೇ ಇಲ್ಲ! ಮಾಸಲು ಬಿಳಿಯ, ಸ್ವಲ್ಪ ಒರಟಾದ ಬಟ್ಟೆ, ಅಂಚಿನಲ್ಲಿ ಜರಿ, ಅಷ್ಟೆ. ಇದೇನಾ ಮೈಸೂರು ಸಿಲ್ಕು ಎಂದು ಅನುಮಾನ ಬರುವುದು ಸಹಜ. ಗುಟ್ಟಿರುವುದು ಹೊಕ್ಕಿನ ನೂಲಿನಲ್ಲಿ. ಅದಕ್ಕೆ ತೀರಾ ಬಿಗಿಯಾಗಿ ಹುರಿ ಹಾಕಿರುತ್ತಾರೆ. ಕೆಲವು ಎಳೆಗೆ ಬಲಕ್ಕೆ, ಕೆಲವಕ್ಕೆ ಎಡಕ್ಕೆ. ನೇಯ್ದಾದ ಮೇಲೆ ಬಟ್ಟೆಯನ್ನು ಬೇಯಿಸಿ ರೇಷ್ಮೆಯ ಅಂಟು ತೆಗೆದಾಗ ಬಿಗಿದ ಎಳೆಗಳು ಆ ಕಡೆ ಈ ಕಡೆ ಜಗ್ಗಿ ಮೈಮೇಲೆ ಕಣ್ಣಿಗೆ ಕಂಡೂ ಕಾಣದ ಸುಕ್ಕು ಏಳುತ್ತದೆ. ಬಣ್ಣದ ತೊಟ್ಟಿಗೆ ಇಳಿಯುವುದು ಅದಾದ ಮೇಲೆ. ಉಟ್ಟಾಗ ನಿರಿಗೆ ತಾನಾಗಿ ಇಳಿಬೀಳುವುದಕ್ಕೆ ಈ ಹುರಿಯೇ ಕಾರಣ, ಜರಿಯಲ್ಲ. ಆದರೂ ಕೊಳ್ಳುವವರು ವಿಚಾರಿಸುವುದು ಜರಿಯನ್ನೇ: ಶೇ 65 ಬೆಳ್ಳಿ, ಶೇ 0.65 ಚಿನ್ನ.

ಈ ಬಗೆಯ ಕ್ರೇಪ್ ಬಟ್ಟೆಯ ತವರು ಚೀನಾ. ಅದನ್ನು ನೋಡಿ ಯೂರೋಪಿನವರು ಅನುಕರಿಸಿದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಾರ್ಖಾನೆ ಕಟ್ಟಿಸಿದಾಗ ಮಗ್ಗಗಳು ಬಂದದ್ದು ಸ್ವಿಟ್ಜರ್ಲೆಂಡಿನಿಂದ. ಅಂದರೆ ಚೀನಾದ ಕಲೆ ಪಡುವಣವನ್ನು ಸುತ್ತಿ ಇಲ್ಲಿಗೆ ಬಂತು. ಹುಳುವಿನ ದಾರಿಯೂ ನೇರವಲ್ಲ. ರೇಷ್ಮೆ ಹುಳುವನ್ನು ಸಾಕಲು ಕಲಿತವರೂ ಚೀನೀಯರೇ, ಆದರೆ ಟಿಪ್ಪು ಸುಲ್ತಾನ್ ಅದನ್ನು ತರಿಸಿದ್ದು ಬಂಗಾಳದಿಂದ. 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಆತ ಬರೆದ ಪತ್ರದಲ್ಲಿ ಹುಳುಗಳನ್ನು ಎಲ್ಲಿ ಇಡಬೇಕು, ಹೇಗೆ ಸಾಕಬೇಕು ಎಂಬ ವಿಚಾರವಿದೆ. ಯುದ್ಧಗಳ ನಡುವೆ ಹಿಪ್ಪುನೇರಳೆ ಸೊಪ್ಪಿನ ಯೋಚನೆಯೂ ಇದ್ದ ಅರಸು!

ಈ ನಂಟು ಇಂದಿಗೂ ಕಳಚಿಲ್ಲ. ನಗರದ ಶ್ರೀರಾಂಪುರದಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ತಳಿಗಳಲ್ಲಿ ಮೊಟ್ಟೆಯಾಕಾರದ ಗೂಡಿನವು ಚೀನೀ ಬಗೆಯವು, ನಡು ಸಣ್ಣಗಿರುವ ಗೂಡಿನವು ಜಪಾನಿ ಬಗೆಯವು. ಎರಡನ್ನೂ ಬೆರೆಸಿ ಪಡೆದ ಮಿಶ್ರತಳಿಯನ್ನು ನಮ್ಮ ರೈತರು ಸಾಕುತ್ತಾರೆ. ಚೀನಾ ಎಂದರೆ ಅವರಿಗೆ ಗುರುಮನೆಯಲ್ಲ, ಎದುರಾಳಿ. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಚೀನಾದ ಅಗ್ಗದ ನೂಲಿನೆದುರು ಗೂಡಿನ ಬೆಲೆ ಬಿದ್ದು ರೈತರು ಬೀದಿಗಿಳಿದಿದ್ದರು. ಕಾರ್ಖಾನೆಗೆ ನೂಲು ಬರುವುದು ತಿರುಮಕೂಡಲು ನರಸೀಪುರದ ಸರ್ಕಾರಿ ಬಿಚ್ಚಣಿಕೆ ಘಟಕದಿಂದ. 1980ರಿಂದ ಕಾರ್ಖಾನೆ, ಘಟಕ ಎರಡೂ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿವೆ.

ಇಷ್ಟು ಸುತ್ತಿದ ಮೇಲೆ ಹೊಟ್ಟೆ ಕೇಳುತ್ತದೆ. ಊರಿನಲ್ಲಿ ಚೀನಾದ ಇನ್ನೊಂದು ಗುರುತು ಸಿಕ್ಕುವುದು ಸಂಜೆಯ ತಳ್ಳುಗಾಡಿಗಳಲ್ಲಿ, ದಸರಾ ಬಂದರೆ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದಲ್ಲಿ. ದೆಹಲಿ ಹಪ್ಪಳದ ಪಕ್ಕದಲ್ಲೇ ಗೋಬಿ ಮಂಚೂರಿ. ಇದೂ ಬಳಸು ದಾರಿಯಲ್ಲೇ ಬಂದದ್ದು: ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಅಡುಗೆಯವರಾದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯಲ್ಲಿ ಚಿಕನ್ ಮಂಚೂರಿಯನ್ ಮಾಡಿದರೆಂದು ಹೇಳುತ್ತಾರೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ನಮ್ಮವು, ಸೋಯಾ ಸಾಸ್ ಅವರದು. ಮಾಂಸದ ಜಾಗಕ್ಕೆ ಹೂಕೋಸು ಬಂದ ಮೇಲೆ ಅದು ಸಸ್ಯಾಹಾರಿ ಮನೆಗಳ ಮಕ್ಕಳ ಹಟದ ತಿಂಡಿಯೂ ಆಯಿತು.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕೆಂಪು ಇಳಿದ ಗಾಡಿಗಳಲ್ಲಿ ಈಗ ಕಂದು ಬಣ್ಣದ ಗೋಬಿ. ಹೂಕೋಸಿನ ರುಚಿ ನಾಲಗೆಗೆ ತಿಳಿಯುವುದು ಇದರಲ್ಲೇ ಎಂದು ನನ್ನ ಅಭಿಪ್ರಾಯ. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ಕಾಲೇಜು ಹುಡುಗರು ಇದನ್ನು ಒಪ್ಪುವುದಿಲ್ಲ.