ಎರಡು ಚೀಟಿ, ಒಂದೇ ಮಹಸೂಲು

ಸೋಂದಾದ ನಮ್ಮ ಹಳೆಮನೆಯ ಮೆತ್ತಿನ ಮೇಲೆ ಅಜ್ಜನ ಕಾಲದ ಮರದ ಪೆಟ್ಟಿಗೆಯೊಂದಿತ್ತು. ಹೋದ ಮಳೆಗಾಲದಲ್ಲಿ ಅದಕ್ಕೆ ಗೆದ್ದಲು ಹತ್ತಿತು. ಕೆಳಗಿಳಿಸಿ ಬಿಚ್ಚಿದರೆ ಒಂದೇ ದಾರಕ್ಕೆ ಪೋಣಿಸಿದ ಎರಡು ಚೀಟಿ ಸಿಕ್ಕಿದವು. ಒಂದು ಶಾನಭೋಗರು ಬರೆದ ಮಹಸೂಲು ಪಾವತಿ, ಸರ್ಕಾರಕ್ಕೆ ಕಟ್ಟಿದ ಕಂದಾಯದ್ದು. ಇನ್ನೊಂದು ಶಿರಸಿಯ ಸಂಘದಲ್ಲಿ ಚಾಲಿ ಅಡಿಕೆ ವಿಕ್ರಿಯಾದ ಲೆಕ್ಕ. ಅದರ ತಲೆಯ ಮೇಲೂ ಅದೇ ಮಾತು: ಮಹಸೂಲು.

ಉಳಿದ ಕಡೆ ಸಾಮಾನ್ಯವಾಗಿ ಮಹಸೂಲು ಎಂದರೆ ಸರ್ಕಾರಕ್ಕೆ ಹೋಗುವ ಹಣ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅದು ಅಂಗಳದಲ್ಲಿ ಒಣಗುತ್ತಿರುವ ಅಡಿಕೆಗೂ ಹೆಸರು. ಅರಬ್ಬಿ ಮೂಲದಲ್ಲಿ ಈ ಪದಕ್ಕೆ ‘ಕೈಗೆ ಬಂದದ್ದು, ಫಸಲು’ ಎಂದೇ ಅರ್ಥ. ಬೆಳೆದವನ ಪಾಲಿನ ಮಾತು ದಫ್ತರದೊಳಗೆ ಹೋಗಿ ಕಂದಾಯವಾಯಿತು, ನಮ್ಮ ಸೀಮೆಯಲ್ಲಿ ಮತ್ತೆ ತೋಟಕ್ಕೆ ಮರಳಿತು. ಆ ಮರಳುವಿಕೆಯ ಹಿಂದೆ ದೊಡ್ಡದೊಂದು ಹೋರಾಟವಿದೆ ಎಂದು ಚೀಟಿ ಹಿಡಿದು ಕೂತಾಗ ನನಗೆ ಹೊಳೆಯಿತು.

ಸೋಂದಾ ಒಂದು ಕಾಲಕ್ಕೆ ರಾಜಧಾನಿ. ವಾದಿರಾಜರಿಗೆ ಆಶ್ರಯ ಕೊಟ್ಟ ಅರಸಪ್ಪ ನಾಯಕನ ಊರು, ಕಾಳುಮೆಣಸಿನ ಸೀಮೆ. 1763-64ರ ಹೊತ್ತಿಗೆ ಹೈದರಾಲಿಯ ಸೈನ್ಯ ಬಂತು, ಅರಸ ಗೋವಾಕ್ಕೆ ಹೋದ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಸೀಮೆ ಕಂಪನಿಯ ಕೈಸೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದರು. ಆಳುವವರು ಬದಲಾದರೂ ತೋಟದವನ ಪ್ರಶ್ನೆ ಬದಲಾಗಲಿಲ್ಲ: ನನ್ನ ಬೆಳೆಗೆ ದರ ಹೇಳುವವರು ಯಾರು?

ದರ ಹೇಳುತ್ತಿದ್ದದ್ದು ಪೇಟೆಯ ವಕಾರಿ, ಅಂದರೆ ವ್ಯಾಪಾರಿಯ ಅಡಿಕೆ ಮಂಡಿ. ಮಳೆಗಾಲದಲ್ಲಿ ಮನೆಖರ್ಚಿಗೆ, ಕೊನೆಕೊಯ್ಲಿನ ಕೂಲಿಗೆ ಅಲ್ಲಿಂದಲೇ ಮುಂಗಡ ಬರುತ್ತಿತ್ತು. ಮುಂಗಡ ತಂದವನು ಅಡಿಕೆಯನ್ನು ಬೇರೆಲ್ಲಿಗೂ ಒಯ್ಯುವಂತಿರಲಿಲ್ಲ. ಬಂಡಿ ಶಿರಸಿಗೆ ಹೋಗುತ್ತಿತ್ತು, ಅಡಿಕೆ ಇಳಿಯುತ್ತಿತ್ತು, ವರ್ಷದ ಕೊನೆಗೆ ಲೆಕ್ಕ ಬರುತ್ತಿತ್ತು. ನಡುವೆ ಯಾವ ದಿನ, ಯಾವ ದರಕ್ಕೆ ವಿಕ್ರಿಯಾಯಿತೆಂದು ಬೆಳೆದವನಿಗೆ ತಿಳಿಯುತ್ತಿರಲಿಲ್ಲ. ಬಡ್ಡಿ ಕಳೆದು ಉಳಿದದ್ದೇ ಅವನ ದರ.

1904ರ ಕಾನೂನು ಸಾಲದ ಸಹಕಾರ ಸಂಘಗಳಿಗೆ ದಾರಿ ಮಾಡಿತ್ತು. 1912ರದ್ದು ಮಾರಾಟದ ಸಂಘಗಳಿಗೂ ಬಾಗಿಲು ತೆರೆಯಿತು. 1920ರಲ್ಲಿ ಶಿರಸಿಯಲ್ಲೇ ಜಿಲ್ಲಾ ಸಹಕಾರಿ ಬ್ಯಾಂಕು ಹುಟ್ಟಿತು, 1923ರಲ್ಲಿ ತೋಟಗಾರರ ಸಹಕಾರಿ ವಿಕ್ರಿ ಸಂಘ. ನಮ್ಮವರು ಅದನ್ನು ಟಿಎಸ್‌ಎಸ್ ಎನ್ನುತ್ತಾರೆ, ಹಳಬರು ಬರೀ ‘ಸಂಘ’ ಎನ್ನುತ್ತಾರೆ. ಸಾಲವೂ ವಿಕ್ರಿಯೂ ಒಬ್ಬನೇ ವ್ಯಾಪಾರಿಯ ಮುಷ್ಟಿಯಲ್ಲಿದ್ದದ್ದು ಹೀಗೆ ಬೆಳೆದವರ ಕೈಗೇ ಬಂತು.

ನನ್ನನ್ನು ಬಹುವಾಗಿ ಕಾಡುವುದು ಅದರ ಮುಂದಿನ ಹತ್ತು ವರ್ಷ. 1929ರ ನಂತರ ಜಗತ್ತಿನ ಪೇಟೆಗಳೆಲ್ಲ ಕುಸಿದು ಫಸಲಿನ ದರ ಪಾತಾಳಕ್ಕಿಳಿಯಿತು. ಕಂದಾಯ ಇಳಿಯಲಿಲ್ಲ. ಮುಂಬೈ ಸರ್ಕಾರದ ಸರ್ವೆಯಲ್ಲಿ ಸಾಮಾನ್ಯವಾಗಿ ಮೂವತ್ತು ವರ್ಷಕ್ಕೆ ಒಮ್ಮೆ ನಿಗದಿಯಾಗುವ ಹಣ ಅದು. ಅಡಿಕೆಯ ದರ ಅರ್ಧವಾದರೆ, ಅಷ್ಟೇ ಕಂದಾಯ ಕಟ್ಟಲು ಎರಡರಷ್ಟು ಅಡಿಕೆ ಮಾರಬೇಕು. ಇಷ್ಟು ಸರಳವಾದ ಲೆಕ್ಕ ದಫ್ತರಕ್ಕೆ ಅರ್ಥವಾಗಲಿಲ್ಲ. ಅರ್ಥವಾದವರು ಸಿದ್ದಾಪುರ, ಅಂಕೋಲೆಯ ರೈತರು. ಅವರು ಕರಬಂದಿಗೆ, ಅಂದರೆ ಕಂದಾಯ ಕೊಡದಿರುವ ಚಳವಳಿಗೆ ಇಳಿದರು.

ಸರ್ಕಾರ ಜಮೀನು ಜಪ್ತಿ ಮಾಡಿತು, ಪಾತ್ರೆ, ದನಕರು ಹರಾಜಿಗೆ ಹಾಕಿತು. ಕೊಂಡವರೂ ಊರವರೇ. ಆಗ ಜೋಗದ ಹಾದಿಯ ಮಾವಿನಗುಂಡಿಯಲ್ಲಿ ಹೆಂಗಸರು ಹೊರಟರು. ಕಚೇರಿಯ ಎದುರಿಗಲ್ಲ, ಹರಾಜಿನ ಸ್ವತ್ತು ಕೊಂಡವರ ಮನೆಯ ಎದುರಿಗೆ. ಅಂಗಳದಲ್ಲಿ ಉಪವಾಸ ಕೂತರು. ಪಕ್ಕದ ಊರಿನ ಅಕ್ಕ ತನ್ನ ಬಾಗಿಲಲ್ಲಿ ಅನ್ನ ನೀರು ಬಿಟ್ಟು ಕೂತಿರುವಾಗ ಒಳಗೆ ಎಲೆ ಹಾಕಿ ಉಣ್ಣಲು ಯಾರಿಗೆ ಮನಸ್ಸಾದೀತು? ಅಡುಗೆಮನೆಯ ಸಂಬಂಧದ ಬಲ ಹೆಂಗಸರಿಗೆ ಗೊತ್ತಿತ್ತು, ಅದನ್ನೇ ಹಿಡಿದರು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ. ಜೋಗಕ್ಕೆ ಹೋಗುವ ಕಾರುಗಳು ಅದರ ಪಕ್ಕದಲ್ಲೇ ಹಾದುಹೋಗುತ್ತವೆ, ನಿಲ್ಲಿಸುವವರು ಕಡಿಮೆ. ಇದು ನನಗೆ ಪ್ರತಿಸಲವೂ ನೋವು ಕೊಡುತ್ತದೆ.

1937ರಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಕಳೆದುಕೊಂಡ ಜಮೀನು ಮರಳಿಸುವ ಕೆಲಸ ನಡೆಯಿತು. ಒಂದು ಮಹಸೂಲನ್ನು ‘ಕೊಡುವುದಿಲ್ಲ’ ಎಂದ ಸೀಮೆಯೇ ಇನ್ನೊಂದು ಮಹಸೂಲನ್ನು ‘ಒಟ್ಟಿಗೆ ಮಾರುತ್ತೇವೆ’ ಎಂದಿತ್ತು. ಪೆಟ್ಟಿಗೆಯಲ್ಲಿ ಅಜ್ಜ ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದ್ದು ಆಕಸ್ಮಿಕ ಎಂದು ನನಗನಿಸುವುದಿಲ್ಲ.

ಆಮೇಲಿನದು ನಿಧಾನದ ಕತೆ: ಮಾರುಕಟ್ಟೆ ಕಾನೂನು, ಎಪಿಎಂಸಿ ಪ್ರಾಂಗಣ, 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ. ಈಗ ದರದ ಮೇಲೆ ದೆಹಲಿಯ ಕೈಯೂ ಇದೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕೂ ಐದು ತಿಂಗಳ ಮೊದಲು ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ದರದ ಕಟ್ಟಿಲ್ಲದೆ ತರಲು ಬಿಟ್ಟಿತ್ತು. ಸೋಂದಾದ ಜಗುಲಿಯಲ್ಲಿ ಭೂತಾನದ ಮಾತು ಬರುವುದು ಹೀಗೆ.

ಮೊನ್ನೆ ಸಂಘಕ್ಕೆ ಅಡಿಕೆ ಟೆಂಡರ್ ನೋಡಲು ಹೋಗಿದ್ದೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಹೀಗೆ ಅಡಿಕೆಯ ಒಂದೊಂದು ಬಗೆಯೂ ನಂಬರಿನ ಗುಪ್ಪೆಯಾಗಿ ಬಿದ್ದಿತ್ತು. ವ್ಯಾಪಾರಿಯೊಬ್ಬರು ಗುಪ್ಪೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ಅಡಿಯಿಂದ ಒಂದು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಸೀಳಿದರು. ಒಳಗಿನ ಬಿಳಿ-ಕಂದು ಗೆರೆ ನೋಡಿ, ಮೂಸಿ, ಚೀಟಿಯಲ್ಲಿ ದರ ಬರೆದು ಪೆಟ್ಟಿಗೆಗೆ ಹಾಕಿದರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದು. ಪೆಟ್ಟಿಗೆ ತೆರೆದ ಮೇಲೆ ಹೆಚ್ಚಿನ ದರ ಎಲ್ಲರ ಎದುರಿಗೇ ಹೊರಬೀಳುತ್ತದೆ. ಕೊಡುವುದೂ ಬಿಡುವುದೂ ಬೆಳೆದವನ ಇಷ್ಟ.

ನಮ್ಮೂರಿನ ಹುಡುಗರು ಈಗ ಮೊಬೈಲಿನಲ್ಲಿ ದರ ನೋಡಿ, ಮನೆಬಾಗಿಲಿಗೆ ಬಂದ ವಾಹನಕ್ಕೆ ಚೀಟಿಯಿಲ್ಲದೆ ಅಡಿಕೆ ಹಾಕಿಬಿಡುತ್ತಾರೆ. ಕೈಗೆ ಹಣ ಬೇಗ ಬರುತ್ತದೆ, ನಿಜ. ಆದರೆ ಆ ಅಡಿಕೆ ಯಾವ ಪೆಟ್ಟಿಗೆಯ ಮುಂದೆಯೂ ನಿಲ್ಲುವುದಿಲ್ಲ. ಅಜ್ಜನಿಗೆ ಗೊತ್ತಾಗದೇ ಉಳಿದಿದ್ದ ದರವನ್ನು ಮೊಮ್ಮಕ್ಕಳು ತಾವಾಗಿಯೇ ಮತ್ತೆ ಕತ್ತಲಿಗೆ ತಳ್ಳುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಂದು ನನ್ನ ಪಕ್ಕದಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರು ತಮ್ಮ ನಂಬರು ಕಾಯುತ್ತಿದ್ದರು. “ಎಷ್ಟಾತೋ ತಮಾ?” ಎಂದು ನನ್ನನ್ನೇ ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಗುಪ್ಪೆಯ ಕಡೆ ನೋಡಿ, ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡು, ಗುಮಾಸ್ತರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು: “ಈ ರೇಟಿಗೆ ಬ್ಯಾಡ.” ಅವರ ಮಹಸೂಲು ಮತ್ತೆ ಚೀಲಕ್ಕೆ ತುಂಬಿಕೊಂಡಿತು.