ಡ್ರಾಫ್ಟ್ ಯಾರ ಹೆಸರಿಗೆ?

ಗಲ್ಫಿಗೆ ಹೋದವನ ಮೊದಲ ಸಂಬಳ ಅವನ ಕೈಸೇರುವ ಮುಂಚೆಯೇ ಹಂಚಿಹೋಗಿರುತ್ತದೆ. ವೀಸಾಕ್ಕೆಂದು ಅಪ್ಪ ತೋಟ ಅಡವಿಟ್ಟಿರುತ್ತಾನೆ, ಅಕ್ಕ ಕೊರಳ ಸರ ಬಿಚ್ಚಿ ಕೊಟ್ಟಿರುತ್ತಾಳೆ, ಮಾವ ಎಲ್ಲಿಂದಲೋ ಕೈಗಡ ತಂದಿರುತ್ತಾನೆ. 1970ರ ದಶಕದಲ್ಲಿ ತೈಲಬೆಲೆ ಏರಿದ ಮೇಲೆ ಕೇರಳದಿಂದ ಹೊರಟ ಎಷ್ಟೋ ಗಂಡಸರು ಹೀಗೆ ಇಡೀ ಕುಟುಂಬದ ಋಣ ಹೊತ್ತೇ ವಿಮಾನ ಹತ್ತಿದರು. ಅವರು ಕಳಿಸುವ ಹಣದಲ್ಲಿ ಅಷ್ಟು ಜನ ಪಾಲು ಕೇಳುವುದಕ್ಕೆ ಕಾರಣ ಇಲ್ಲಿದೆ.

ಹಣದ ಬ್ಯಾಂಕ್ ಡ್ರಾಫ್ಟು ಅಪ್ಪನ ಹೆಸರಿಗೆ ಬಂದರೆ ಮೊದಲು ಸಾಲ ತೀರುತ್ತದೆ, ಮಗಳ ಮದುವೆಯಾಗುತ್ತದೆ, ಕಿರಿಯವನ ಫೀಸು ಕಟ್ಟಲಾಗುತ್ತದೆ. ಅದೇ ಮನೆಯಲ್ಲಿರುವ ಸೊಸೆ ಮಾತ್ರ ಮಗುವಿನ ಔಷಧಿಗೂ ಅತ್ತೆಯ ಮುಂದೆ ಕೈಚಾಚಬೇಕು. ತಿರುವನಂತಪುರದ ಕಡೆಯ ಇಂಥ ಮನೆಗಳನ್ನು ಅರ್ಥಶಾಸ್ತ್ರಜ್ಞೆ ಲೀಲಾ ಗುಲಾಟಿ ಹತ್ತಿರದಿಂದ ಕಂಡು, 1993ರಲ್ಲಿ ಪುಸ್ತಕವಾಗಿ ಬರೆದರು. ಗಂಡ ಹೆಂಡತಿಯ ಹೆಸರಿಗೇ ಹಣ ಕಳಿಸತೊಡಗಿದಾಗ ಮನೆಯ ಲೆಕ್ಕ ಬದಲಾಯಿತು. ಒಬ್ಬಳೇ ಪೇಟೆಗೆ ಹೋಗದವಳು ಬ್ಯಾಂಕಿನ ಮೆಟ್ಟಿಲು ಹತ್ತಿದಳು, ಸಾಲ ಕೊಟ್ಟವರ ಜತೆ ಮಾತಾಡಿದಳು, ಮನೆ ಕಟ್ಟಿಸಲು ನಿಂತಳು. ಅತ್ತೆಮನೆಯವರ ಮುನಿಸೂ ಜತೆಗೇ ಬಂತು.

ಕೊಡುವವನಿಗೂ ಊರು ಹೆಸರಿಡುತ್ತದೆ. ಮಾನವಶಾಸ್ತ್ರಜ್ಞರಾದ ಫಿಲಿಪ್ಪೊ ಮತ್ತು ಕ್ಯಾರೊಲಿನ್ ಒಸೆಲ್ಲಾ 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ ಕೇರಳದ ಹಳ್ಳಿಯವರು ಆಡುವ ಎರಡು ಪದಗಳಿವೆ. ಕೇಳಿದವರಿಗೆಲ್ಲ ಕೊಟ್ಟು ಬರಿಗೈಯಾದವನು ‘ಪಾವಂ’, ನಮ್ಮ ಕರಾವಳಿಯವರು ಹೇಳುವ ‘ಪಾಪದವ’. ಎಲ್ಲವನ್ನೂ ತನಗೇ ಇಟ್ಟುಕೊಂಡವನು ‘ಕಳ್ಳನ್’. ಇವೆರಡರ ನಡುವೆ ಬದುಕುವುದೇ ವಲಸೆಗಾರನ ಅತಿ ಕಷ್ಟದ ಕೆಲಸ. ರಜೆಗೆ ಬಂದವನ ಪೆಟ್ಟಿಗೆ ಬಿಚ್ಚುವಾಗ ಯಾರಿಗೆ ಸೀರೆ, ಯಾರಿಗೆ ಬರೀ ಸೋಪು ಎನ್ನುವುದನ್ನು ನೆಂಟರು ವರ್ಷಗಟ್ಟಲೆ ಮರೆಯುವುದಿಲ್ಲ. 1989ರ ಮಲಯಾಳಂ ಚಿತ್ರ ‘ವರವೇಲ್ಪ್’ನಲ್ಲಿ ಗಲ್ಫಿನಿಂದ ಮರಳಿದ ಮೋಹನ್‌ಲಾಲ್ ಸುತ್ತ ಮುತ್ತುವ ಬಂಧುಗಳನ್ನು ಕಂಡವರಿಗೆ ಇದು ಗೊತ್ತು.

ಉತ್ತರ ಮಲಬಾರಿನ ಮಾತೃವಂಶೀಯ ಮಾಪ್ಪಿಳ ಮುಸ್ಲಿಂ ಮನೆತನಗಳಲ್ಲಿ ಗಂಟು ಇನ್ನೂ ಬಿಗಿ. ಅಲ್ಲಿ ಮದುವೆಯಾದ ಮೇಲೂ ಹೆಂಡತಿ ತವರಲ್ಲೇ ಇರುತ್ತಾಳೆ. ಗಂಡ ಅವಳ ಮನೆಗೂ ಕಳಿಸಬೇಕು, ತನ್ನ ತಾಯಿ, ಅಕ್ಕತಂಗಿಯರ ಮನೆಯನ್ನೂ ನೋಡಬೇಕು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ ಕಟ್ಟಿನಲ್ಲಿ ಬೆಳೆದ ತುಳುನಾಡಿನ ಹಿರಿಯರಿಗೆ ಈ ಇಬ್ಬಂದಿಯನ್ನು ವಿವರಿಸಬೇಕಾಗಿಲ್ಲ.

2023ರ ಕೇರಳ ವಲಸೆ ಸಮೀಕ್ಷೆಯ ಪ್ರಕಾರ ಹೊರದೇಶದಲ್ಲಿರುವ ಮಲಯಾಳಿಗಳು ಸುಮಾರು 22 ಲಕ್ಷ. ಅವರು ವರ್ಷಕ್ಕೆ ಕಳಿಸುವ ಹಣ 2.16 ಲಕ್ಷ ಕೋಟಿ ರೂಪಾಯಿ. ವಲಸೆಗಾರರಲ್ಲಿ ಹೆಂಗಸರ ಪಾಲು ಶೇ. 19 ದಾಟಿದೆ. ನರ್ಸ್ ಆಗಿ ಹೋದ ಮಗಳು ತಮ್ಮನ ಓದಿಗೆ ಕಳಿಸುತ್ತಿದ್ದ ಹಣ ಮದುವೆಯ ಮೇಲೆ ಯಾರಿಗೆ ಎಂಬ ಪ್ರಶ್ನೆ ಈಗ ಎರಡು ಮನೆಗಳ ನಡುವೆ ಏಳುತ್ತಿದೆ. ಇನ್ನೊಂದೆಡೆ, ಹೊರಗಿರುವ ಸುಮಾರು 2.5 ಲಕ್ಷ ವಿದ್ಯಾರ್ಥಿಗಳಿಗೆ ಊರಿನಿಂದಲೇ ಹಣ ಹೋಗುತ್ತಿದೆ. ಎಷ್ಟೋ ಕಡೆ ಅಪ್ಪ ಗಲ್ಫಿನಲ್ಲಿ ದುಡಿದು ಕಟ್ಟಿಸಿದ ಮನೆಯ ಪತ್ರ ಮಗಳ ಫೀಸಿನ ಸಾಲಕ್ಕಾಗಿ ಬ್ಯಾಂಕಿನಲ್ಲಿದೆ.